ನುಂಗದ ತುತ್ತು

ಕ್ಯಾನ್ಸರಿನ ಜೀವಕೋಶ ಒಡೆದು ಎರಡಾಗುವ ಗಳಿಗೆಯನ್ನು ಮೊದಲೇ ತಿಳಿದು, ಸರಿಯಾಗಿ ಆ ಗಳಿಗೆಗೇ ಮದ್ದು ಬಿಟ್ಟರೆ ಏನಾದೀತು? ಡಾ. ಪದ್ಮನಾಭ ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಹದಿನಾಲ್ಕು ವರ್ಷ ಕೂತರು. ಮದುವೆ ಮರೆತರು, ತಲೆಗೂದಲು ಕಳೆದುಕೊಂಡರು, ಕೊನೆಗೆ ಒಂದು ಬಿಲ್ಲೆ ಮಾಡಿದರು. ಅಂಗಿಯ ಗುಂಡಿಯಷ್ಟಗಲದ ಬಿಲ್ಲೆ. ಅದನ್ನು ದವಡೆಹಲ್ಲಿಗೆ ಸಿಕ್ಕಿಸಿದರೆ ಕೆನ್ನೆಯ ಒಳಮೈಗೆ ಅಂಟಿಕೊಂಡು ಕೂರುತ್ತಿತ್ತು. ಮೈಸೂರಿನ ಹೊರವಲಯದ ನಮ್ಮ ಸಂಶೋಧನಾ ಕೇಂದ್ರದಲ್ಲಿ ಬಾಯಿ ಕ್ಯಾನ್ಸರಿನ ಹನ್ನೆರಡು ರೋಗಿಗಳಿಗೆ ಅದನ್ನು ಹಾಕಿದ್ದೆವು. ಗೆಡ್ಡೆಯ ಬೆಳವಣಿಗೆ, ದವಡೆಯ ಅಲುಗಾಟ ಎರಡನ್ನೂ ತೋರಿಸುತ್ತಾ ಹನ್ನೆರಡು ಬಿಲ್ಲೆಗಳಿಂದ ಬರುವ ಹನ್ನೆರಡು ಗೆರೆಗಳು ಹಗಲಿಡೀ ಕಂಟ್ರೋಲ್ ರೂಮಿನ ಗೋಡೆಯ ಪರದೆಯ ಮೇಲೆ ಹರಿಯುತ್ತಿದ್ದವು.

ನಾನು ವಿಜ್ಞಾನಿಯಲ್ಲ. ರೋಗಿಗಳನ್ನು ಸೇರಿಸಿಕೊಳ್ಳುವುದು, ಫಾರಂ ತುಂಬುವುದು, ತಿಂಗಳಿಗೊಮ್ಮೆ ಕರೆಸುವುದು, ಬಾರದಿದ್ದರೆ ಫೋನಿನಲ್ಲಿ ಬೈಯುವುದು ನನ್ನ ಕೆಲಸ. ಬೈಯುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಹಳ್ಳಿಯವರಿಗೆ ಮದ್ದಿನ ವಿಷಯ ತಿಳಿಸಿ ಹೇಳಬೇಕಾದವಳೂ ನಾನೇ ಆದ್ದರಿಂದ ನನ್ನದೇ ಒಂದು ವಿವರಣೆ ಕಟ್ಟಿಕೊಂಡಿದ್ದೆ. ಜೀವಕೋಶ ಎರಡಾಗುವುದೆಂದರೆ ಅಣ್ಣತಮ್ಮಂದಿರು ಪಾಲಾದ ಹಾಗೆ. ಒಳಗಿರುವ ವರ್ಣತಂತುಗಳನ್ನು ಎರಡು ಕಡೆಗೂ ಸಮನಾಗಿ ಹಂಚಬೇಕು. ಅಳೆದು ಹಂಚುವ ಸರ್ವೆಯವನ ಕೆಲಸವನ್ನು ಅರೋರಾ ಎಂಬ ಕಿಣ್ವ ಮಾಡುತ್ತದೆ. ನಮ್ಮ ಮದ್ದು ಈ ಸರ್ವೆಯವನ ಕೈ ಕಟ್ಟಿಹಾಕುತ್ತದೆ. ಮರ್ಯಾದಸ್ಥ ಜೀವಕೋಶವಾದರೆ, ಇವತ್ತು ಬೇಡ, ಅವನು ಬಂದಮೇಲೆ ನೋಡೋಣ ಎಂದು ಕಾಯುತ್ತದೆ. ಕ್ಯಾನ್ಸರಿನದಕ್ಕೆ ಕಾಯುವ ಗುಣವಿಲ್ಲ. ಅಡ್ಡಾದಿಡ್ಡಿ ಹರಿದುಕೊಂಡು, ಎರಡು ಪಾಲೂ ನೆಟ್ಟಗಾಗದೆ ಸಾಯುತ್ತದೆ.

“ಮದ್ದು ಹೊಟ್ಟೆಗೋದ್ರೆ?” ಎಂದು ಎಲ್ಲರೂ ಕೇಳುತ್ತಿದ್ದರು. ಅದಕ್ಕೂ ಉತ್ತರವಿತ್ತು. ಹೊಟ್ಟೆಯ ಆಮ್ಲ ತಗುಲಿದೊಡನೆ ಮದ್ದು ಮುರಿದುಹೋಗುವಂತೆ ಅದನ್ನು ಹೆಣೆದಿದ್ದರು. ಬಾಯಲ್ಲಿ ಮಾತ್ರ ಕೆಲಸ, ಮೈಯ ಮಿಕ್ಕ ಭಾಗಕ್ಕೆ ತೊಂದರೆಯಿಲ್ಲ. ಅಗಿಯುವಾಗ ನೀರೂರಿ ಮದ್ದು ಕೊಚ್ಚಿಹೋಗುತ್ತದಲ್ಲ, ಅದಕ್ಕಾಗಿ ಅಗಿಯುವ ಹೊತ್ತಿನಲ್ಲಿ ಬಿಲ್ಲೆ ಎರಡು ಪಟ್ಟು ಮದ್ದು ಬಿಡುತ್ತಿತ್ತು. ಡಾ. ಪದ್ಮನಾಭರಿಗೆ ಈ ಎರಡು ಉಪಾಯಗಳ ಬಗ್ಗೆ ಮಕ್ಕಳನ್ನು ಹೆತ್ತಷ್ಟು ಹೆಮ್ಮೆ.

ಏಳನೇ ನಂಬರಿನವಳು ಚಿಕ್ಕತಾಯಮ್ಮ. ಐವತ್ತೆಂಟು ವರ್ಷ, ಟಿ. ನರಸೀಪುರದ ಕಡೆಯವಳು. ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಭತ್ತ ಕೇರಿದ್ದಳು. ಧೂಳು ಗಂಟಲಿಗೆ ಇಳಿಯದಿರಲಿ ಎಂದು ಅಲ್ಲಿನ ಹೆಂಗಸರೆಲ್ಲ ಎಲೆಯಡಿಕೆಗೆ ತಂಬಾಕಿನ ಕಡ್ಡಿಪುಡಿ ಸೇರಿಸಿ ದವಡೆಗೆ ಒತ್ತರಿಸಿಕೊಳ್ಳುತ್ತಿದ್ದರಂತೆ. ಒತ್ತರಿಸಿಕೊಂಡ ಜಾಗದಲ್ಲೇ ಗೆಡ್ಡೆ ಎದ್ದಿತ್ತು. ಬಾಯಿ ಎಷ್ಟು ತೆರೆಯುತ್ತದೆ ಎಂದು ನಮ್ಮಲ್ಲಿ ಬೆರಳಿನಲ್ಲಿ ಅಳೆಯುತ್ತಾರೆ. ಮೂರು ಬೆರಳು ನಿಲ್ಲಬೇಕು. ಅವಳ ಬಾಯಲ್ಲಿ ಒಂದು ಬೆರಳು ಕಷ್ಟಪಟ್ಟು ಹೋಯಿತು. ಆರು ತಿಂಗಳಿಂದ ಗಂಜಿಯಲ್ಲೇ ಬದುಕಿದ್ದಳು.

“ಸಾಯದಕ್ಕೆ ಎದ್ರಕಿಲ್ಲ ಮೇಡಮ್ಮೋರೆ,” ಅಂದಳು, ಹಲ್ಲು ಕಚ್ಚಿಕೊಂಡ ಹಾಗೆ ಮಾತು ಬರುತ್ತಿತ್ತು. “ಮೊಮ್ಮಗು ಅದೆ. ಎಂಟು ತಿಂಗ್ಳ ಹೆಣ್ಕೂಸು. ನನ್ ಮಗ್ಳು ನಂಜಮಣಿ ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್ ಬಸ್ ಹತ್ತಿದ್ರೆ ಬರದು ಸಂದೆಗೆ. ಅಳಿಯ ಇನ್ನೊಬ್ಳ ಮಡಿಕಂಡು ಕೊಳ್ಳೇಗಾಲ್ದಲ್ಲವ್ನೆ. ಕೂಸು ಇಸ್ಕೂಲ್ಗೆ ಹೋಗಗಂಟ ನಾನಿದ್ರೆ ಸಾಕು. ಆಮೇಲೆ ಏನಾರ ಆಗ್ಲಿ.”

ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಐದು ವರ್ಷ. ನಾನು ಫಾರಂ ತೆಗೆದೆ. ನಲವತ್ತಾರು ಪ್ರಶ್ನೆಗಳು. ದೂರದ ಯಾವುದೋ ಕಚೇರಿಯಲ್ಲಿ ಬರೆದು, ಇನ್ಯಾರೋ ಕನ್ನಡಕ್ಕೆ ತಿರುಗಿಸಿದ್ದ ಪ್ರಶ್ನೆಗಳು. ಮೂವತ್ತೊಂದನೆಯದು ಹೀಗಿತ್ತು: ‘ತಮ್ಮ ಲಾಲಾರಸವು ಇತರರ ಆಹಾರದೊಂದಿಗೆ ಬೆರೆಯುವ ಸಂದರ್ಭಗಳಿವೆಯೇ?’

ಆ ಪ್ರಶ್ನೆಯನ್ನು ನಾನು ಹನ್ನೆರಡು ಜನರಲ್ಲಿ ಒಬ್ಬರಿಗೂ ಕೇಳಲಿಲ್ಲ. ಕೇಳದೆಯೇ ‘ಇಲ್ಲ’ ಎಂದು ಗುರುತು ಹಾಕಿದೆ. ನಿಮ್ಮ ಎಂಜಲು ಯಾರಾದರೂ ತಿನ್ನುತ್ತಾರಾ ಎಂದು ಎದುರಿಗೆ ಕೂತವರನ್ನು ಕೇಳುವುದು ಹೇಗೆ? ಅದರಲ್ಲೂ ಚಿಕ್ಕತಾಯಮ್ಮನನ್ನು. ಅವಳು ಯಾವ ಬೀದಿಯವಳು, ನಾನು ಯಾವ ಬೀದಿಯಲ್ಲಿ ಹುಟ್ಟಿದವಳು ಎಂಬುದು ನಮ್ಮಿಬ್ಬರ ಹೆಸರು ಕೇಳಿದರೆ ಗೊತ್ತಾಗುತ್ತದೆ. ನಮ್ಮ ಅಜ್ಜಿಯ ಕಾಲದಲ್ಲಿ ಅವಳ ಕಡೆಯವರಿಗೆ ಹಿತ್ತಿಲ ಬಾಗಿಲಲ್ಲಿ ಉಳಿದದ್ದನ್ನು ಸುರಿಯುತ್ತಿದ್ದರು. ಆ ಮಾತು ನನ್ನ ಬಾಯಿಂದ ಅವಳಿಗೆ ಹೋದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ ಎಂದು ನನಗೆ ನಾಚಿಕೆಯಾಯಿತು. ಅವಳ ಮರ್ಯಾದೆ ಉಳಿಸಿದೆ ಎಂದುಕೊಂಡು ಮೂವತ್ತೆರಡನೇ ಪ್ರಶ್ನೆಗೆ ಹೋದೆ.

ಬಿಲ್ಲೆ ಚೆನ್ನಾಗಿ ಹಿಡಿಯಿತು. ಹನ್ನೆರಡರಲ್ಲಿ ಮೂರು ಗೆರೆಗಳು ಮೊದಲ ಮೂರು ತಿಂಗಳಲ್ಲೇ ನಿಂತುಹೋದವು, ಅವರು ಬದುಕಲಿಲ್ಲ. ಎಂಟು ಗೆರೆಗಳು ಅಲ್ಲಲ್ಲೇ ಹೊಯ್ದಾಡುತ್ತಿದ್ದವು. ಏಳನೇ ನಂಬರಿನ ಗೆರೆ ಮಾತ್ರ ಮೆಟ್ಟಿಲಿಳಿದ ಹಾಗೆ ಇಳಿಯಿತು. ಐದನೇ ತಿಂಗಳಿಗೆ ಚಿಕ್ಕತಾಯಮ್ಮ ಬಂದಾಗ ಡಾ. ಪದ್ಮನಾಭ ಅವಳ ಬಾಯಿಗೆ ಬೆರಳಿಟ್ಟು ಎರಡು, ಎರಡೂವರೆ ಎಂದು ಎಣಿಸಿ ನನ್ನ ಕಡೆ ತಿರುಗಿ ನಕ್ಕರು. ಅವರು ನಗುವುದನ್ನು ನಾನು ಅಪರೂಪಕ್ಕೆ ನೋಡಿದ್ದೆ.

“ಅಗೀಬೋದಾ ಸ್ವಾಮಿ ಇನ್ನು?” ಎಂದು ಕೇಳಿದಳು.

“ಅಗೀಬೇಕು ತಾಯಿ. ಅಗಿದಷ್ಟೂ ದವಡೆ ಬಿಡುತ್ತೆ. ದಿನಕ್ಕೆ ನಾಲ್ಕು ಸಲ ಚೆನ್ನಾಗಿ ಅಗೀರಿ.”

ಅವಳು ಬಾಗಿಲ ಹತ್ತಿರ ನನ್ನ ಕೈ ಹಿಡಿದುಕೊಂಡಳು. ಬಾಯಿ ಅರ್ಧ ತೆರೆದು ನಗುತ್ತಿದ್ದಳು. “ಈಗ ಮಗೀಗೆ ಸರ್ಯಾಗಿ ಉಣ್ಸ್ಬೋದು ಕವ್ವ. ಇಷ್ಟ್ ದಿಸ ಬರೀ ಹಾಲು, ರಾಗಿಸರಿ. ಬಡಕ್ಲಾಗದೆ.” ನಾನು ಆ ಮಾತನ್ನು ಕೇಳಿದೆ. ತಾನು ಚೇತರಿಸಿಕೊಂಡಿದ್ದರಿಂದ ಮಗುವನ್ನು ನೋಡಿಕೊಳ್ಳಲು ಶಕ್ತಿ ಬಂದಿದೆ ಎನ್ನುತ್ತಿದ್ದಾಳೆ ಎಂದುಕೊಂಡೆ. ಮಕ್ಕಳ ಹಲ್ಲು ಬಲಿಯುವ ತನಕ ಅಜ್ಜಿಯರು ಅನ್ನ ಅಗಿದು ಬಾಯಿಗೆ ಕೊಡುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ನಮ್ಮಮ್ಮನೂ ನನ್ನ ತಮ್ಮನಿಗೆ ಬಾಗಿಲ ಹಿಂದೆ ಕೂತು ಹಾಗೆ ಕೊಟ್ಟಿದ್ದಾಳೆ. ಆದರೆ ಗೊತ್ತಿರುವುದು ಬೇಕಾದಾಗ ನೆನಪಾಗುವುದಿಲ್ಲ.

ಆರನೇ ತಿಂಗಳಲ್ಲಿ ಕಂಟ್ರೋಲ್ ರೂಮಿನ ರುಬೀನಾ ನನ್ನನ್ನು ಕರೆದಳು. ಗೆರೆಗಳನ್ನು ಕಾಯುವ ಎಂಜಿನಿಯರ್ ಅವಳು, ಚುರುಕು ಹುಡುಗಿ, ರೋಗಿಗಳಿಗೆಲ್ಲ ಅಡ್ಡಹೆಸರಿಟ್ಟಿದ್ದಳು.

“ಮಂಗಳಾ ಮೇಡಂ, ಏಳನೇ ನಂಬರ್ ಅಜ್ಜಿ ಏನೋ ಕಳ್ಳಾಟ ಆಡ್ತಿದ್ದಾರೆ ನೋಡಿ. ಇದು ಅಗಿಯೋದು, ಇದು ನುಂಗೋದು. ಎಲ್ಲರದ್ದೂ ಹೀಗಿರುತ್ತೆ, ಅಗಿ ಅಗಿ ನುಂಗು. ಇವರದ್ದು ನೋಡಿ. ಬೆಳಿಗ್ಗೆ ಎಂಟಕ್ಕೆ, ಹನ್ನೊಂದಕ್ಕೆ, ಎರಡಕ್ಕೆ, ಐದಕ್ಕೆ. ಹದಿನೈದು ನಿಮಿಷ ಬರೀ ಅಗೀತಾರೆ. ನುಂಗೋದೇ ಇಲ್ಲ.”

“ಊಟ ಮಾಡ್ತಿಲ್ವಾ ಹಾಗಾದ್ರೆ?”

“ಊಟದ್ದು ಬೇರೆ ಇದೆ, ಅದು ಸರಿಯಾಗೇ ಇದೆ. ಇದು ಅದರ ಮೇಲಿಂದು.”

ನನಗೆ ಪಿತ್ತ ನೆತ್ತಿಗೇರಿತು. ಅಗಿದು ನುಂಗದೆ ಇರುವುದು ಏನು ಎಂದು ಈ ಕೆಲಸದಲ್ಲಿ ಹದಿನೇಳು ವರ್ಷ ಸವೆಸಿದವಳಿಗೆ ಯಾರೂ ಹೇಳಬೇಕಾಗಿಲ್ಲ. ಅಗಿದು ಉಗಿಯುತ್ತಿದ್ದಾಳೆ, ಕಡ್ಡಿಪುಡಿ. ಸಾವಿನ ಬಾಯಿಂದ ಎಳೆದು ತಂದವರನ್ನೂ ನಾನು ಬಸ್ ಸ್ಟ್ಯಾಂಡಿನ ಹಿಂದೆ ಗುಟ್ಕಾ ಚೀಟಿ ಹರಿಯುತ್ತಾ ನಿಂತಿರುವಾಗ ಹಿಡಿದಿದ್ದೇನೆ. ದೇವರ ಮೇಲೆ ಆಣೆಯಿಟ್ಟು ಸುಳ್ಳು ಹೇಳುವುದರಲ್ಲಿ ತಂಬಾಕಿನವರನ್ನು ಮೀರಿಸುವವರಿಲ್ಲ ಎಂಬುದು ನನ್ನ ಖಂಡಿತ ಅಭಿಪ್ರಾಯವಾಗಿತ್ತು. ಅಲ್ಲೇ ನಿಂತು ಫೋನು ಮಾಡಿದೆ.

“ಏನ್ ಚಿಕ್ಕತಾಯಮ್ಮ, ಮತ್ತೆ ಶುರು ಮಾಡ್ಕೊಂಡ್ರಾ?”

“ಏನ್ ಮೇಡಮ್ಮೋರೆ?”

“ಏನು ಅಂತ ನಿಮಗೇ ಗೊತ್ತು. ನಿಮ್ಮ ದವಡೆ ಅಲ್ಲಾಡೋದು ಇಲ್ಲಿ ಗೋಡೆ ಮೇಲೆ ಕಾಣುತ್ತೆ. ಕಡ್ಡಿಪುಡಿ ಹಾಕ್ತಿದ್ದೀರಿ.”

“ಇಲ್ಲ ಕನವ್ವ, ನಿಮ್ಮಾಣೆ. ಮುಟ್ಟೂ ಇಲ್ಲ.” ದನಿ ತಗ್ಗಿಸಿ ಅಂದಳು, “ಅದೇನೋ ಮಗೀಗೆ ವಸಿ ಉಸಾರಿಲ್ಲ ಮೇಡಮ್ಮೋರೆ. ಅಲ್ಲಿ ದೊಡ್ಡ ಡಾಕುಟ್ರನ್ನ ಒಂದ್ ಮಾತು ಕೇಳನ ಅಂತಿದ್ದೆ—”

“ಮಾತು ಮರೆಸಬೇಡಿ. ಇನ್ನೊಂದು ಸಲ ಕಂಡರೆ ಬಿಲ್ಲೆ ಕಿತ್ತು ಮನೆಗೆ ಕಳಿಸ್ತೀನಿ,” ಎಂದು ಫೋನಿಟ್ಟೆ.

ಮುಂದಿನ ಭೇಟಿಗೆ ಅವಳು ಬಂದಾಗ ಬಾಯಿಯ ನೀರು ತೆಗೆದು ಪರೀಕ್ಷೆಗೆ ಕೊಟ್ಟೆ. ನಿಕೋಟಿನ್ ಇರಲಿಲ್ಲ. ನಾಲ್ಕು ದಿನ ಬಿಟ್ಟು ಬಂದಿರಬೇಕು ಕಳ್ಳಿ ಎಂದುಕೊಂಡೆ. ಅವಳು ಆ ದಿನ ಹೆಚ್ಚು ಮಾತಾಡಲಿಲ್ಲ, ಬೇಗ ಹೋಗಬೇಕು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದು ಅವಸರ ಮಾಡಿದಳು. ಮಗು ಹೇಗಿದೆ ಎಂದು ನಾನು ಕೇಳಲಿಲ್ಲ. ಗೆರೆ ಮರುದಿನದಿಂದ ಮತ್ತೆ ಹಾಗೇ ಅಲ್ಲಾಡತೊಡಗಿತು, ಈಗ ದಿನಕ್ಕೆ ಐದು ಸಲ. ಎರಡು ವಾರ ನೋಡಿ, ಕೈಯಾರೆ ಹಿಡಿಯದೆ ಬಿಡುವುದಿಲ್ಲ ಎಂದು ಒಂದು ಬುಧವಾರ ಬಸ್ ಹತ್ತಿದೆ. ಹನ್ನೊಂದಕ್ಕೆ ಸರಿಯಾಗಿ ಗೆರೆ ಅಲ್ಲಾಡುತ್ತಿತ್ತು. ಹನ್ನೊಂದಕ್ಕೆ ಸರಿಯಾಗಿ ಅವಳ ಬೀದಿಯಲ್ಲಿದ್ದೆ.

ಚಿಕ್ಕತಾಯಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ನೀಡಿದ ಕಾಲುಗಳ ಮೇಲೆ ಮಗು. ಪಕ್ಕದಲ್ಲಿ ತಟ್ಟೆ, ಅದರಲ್ಲಿ ಅನ್ನ, ಬಸ್ಸಾರು. ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಅರೆಮುಚ್ಚಿ ಅಗಿದಳು. ತುಂಬ ಹೊತ್ತು, ಚೆನ್ನಾಗಿ, ಡಾಕ್ಟರು ಹೇಳಿದ ಹಾಗೆ ಅಗಿದಳು. ಆಮೇಲೆ ತೋರುಬೆರಳಿನ ತುದಿಗೆ ತೆಗೆದುಕೊಂಡು ಮಗುವಿನ ಬಾಯಿಗೆ ಸವರಿದಳು. ಮಗು ಚಪ್ಪರಿಸಿ ಮತ್ತೆ ಬಾಯಿ ತೆರೆಯಿತು.

ನಾನು ಓಡಿ ಹೋಗಿ ಅವಳ ಕೈಯನ್ನು ತಳ್ಳಿದೆ. ತಟ್ಟೆ ಜಗಲಿಯಿಂದ ಕೆಳಗೆ ಬಿತ್ತು. ಅವಳು ನನ್ನ ಮುಖ ನೋಡಿ ಮೊದಲು ಹೇಳಿದ್ದು, “ಕಡ್ಡಿಪುಡಿ ಅಲ್ಲ ಕನವ್ವ, ಅನ್ನ.”

ಮಗುವಿನ ತಲೆಯಲ್ಲಿ ಕೂದಲಿರಲಿಲ್ಲ. ಹುಬ್ಬೂ ಇರಲಿಲ್ಲ. ತುಟಿಯ ಮೂಲೆಗಳು ಒಡೆದು ರಕ್ತ ಕಟ್ಟಿತ್ತು. ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆಗಳು, ಯಾರೋ ಹಿಂಡಿದ ಹಾಗೆ. ಹದಿನೈದು ತಿಂಗಳ ಮಗು ಎಂದು ಹೇಳುವಂತಿರಲಿಲ್ಲ. ಚಿಕ್ಕತಾಯಮ್ಮ ಗಾಬರಿಯಿಂದ ಒಳಗೆ ಹೋಗಿ ಅಂಗನವಾಡಿಯ ಕಾರ್ಡು ತಂದು ತೋರಿಸಿದಳು. ತಿಂಗಳಿಗೊಂದು ಚುಕ್ಕೆ ಇಟ್ಟು ಮಗುವಿನ ತೂಕದ ಗೆರೆ ಎಳೆದಿದ್ದರು. ಹದಿಮೂರನೇ ತಿಂಗಳ ತನಕ ನಿಧಾನವಾಗಿ ಮೇಲೇರಿದ್ದ ಗೆರೆ ಅಲ್ಲಿಂದ ಮುಂದೆ ನೆಲಕ್ಕೆ ಹಾಸಿದ ಹಾಗೆ ಮಲಗಿತ್ತು. ಏಳು ಕಿಲೋ ನಾನೂರು, ಏಳು ಕಿಲೋ ನಾನೂರು.

“ಕೂದ್ಲೆಲ್ಲ ಉದ್ರೋಯ್ತು. ಅಂಗನವಾಡಿ ಟೀಚ್ರು ಚೆನ್ನಾಗಿ ಉಣ್ಸಿ ಅಂದ್ರು. ಅದ್ಕೇ ಈಗ ಇನ್ನೊಂದೊತ್ತು ಜಾಸ್ತಿ ಉಣ್ಸ್ತಾವ್ನಿ. ತಾನಾಗಿ ನುಂಗಕಾಗಕಿಲ್ಲ, ಬಾಯೆಲ್ಲ ಹುಣ್ಣು. ನಾನು ಅಗಿದು ಕೊಟ್ರೆ ಮಾತ್ರ ಒಂದೀಟು ತಿಂತದೆ. ಯಾಕವ್ವ, ಏನಾಯ್ತು? ಯಾಕಳ್ತಿದ್ದೀರಿ?”

ನಾನು ಅಳುತ್ತಿದ್ದೆನೆಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಹೇಗೆ ಹೇಳಿದೆನೋ ಈಗ ನೆನಪಿಲ್ಲ. ಹೇಳಿದ ಮೇಲೆ ಅವಳು ತನ್ನ ಬಲಗೈ ತೋರುಬೆರಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಮೈಸೂರಿನ ಆಸ್ಪತ್ರೆ ಮುಟ್ಟುವ ತನಕ ಆಂಬುಲೆನ್ಸಿನಲ್ಲಿ ಕೂತು ಒರೆಸಿದಳು.

ಡಾ. ಪದ್ಮನಾಭ ಮಕ್ಕಳ ಆಸ್ಪತ್ರೆಗೆ ಓಡಿಬಂದರು. ಮಗುವಿನ ರಕ್ತದ ವರದಿ ನೋಡಿ ಕುರ್ಚಿ ಎಳೆದುಕೊಂಡು ಕೂತರು. “ಇಷ್ಟು ಚಿಕ್ಕ ಮಕ್ಕಳ ಹೊಟ್ಟೆಯಲ್ಲಿ ಆಮ್ಲ ಅಷ್ಟು ಕಟುವಾಗಿರೋದಿಲ್ಲ, ಮಂಗಳಾ. ಅದರ ಮೇಲೆ ಅನ್ನ ಬೇರೆ. ಮದ್ದು ಮುರಿದೇ ಇಲ್ಲ. ಹಾಗೇ ರಕ್ತಕ್ಕೆ ಹೋಗಿದೆ. ನಾವು ಬೆಳೆದ ಇಲಿಗಳಿಗೆ ಕೊಟ್ಟು ನೋಡಿದ್ವಿ. ದೊಡ್ಡವರಿಗೆ ಕೊಟ್ಟು ನೋಡಿದ್ವಿ.”

“ಒಳ್ಳೆಯ ಜೀವಕೋಶ ಕಾಯುತ್ತೆ ಅಂತಿದ್ರಲ್ಲ ಸರ್?”

“ಎಷ್ಟು ದಿನ ಕಾಯುತ್ತೆ? ಮಗು ಅಂದ್ರೇನೇ ಒಡೆದು ಎರಡಾಗೋದು. ಮೂಳೆ, ಚರ್ಮ, ರಕ್ತ, ಎಲ್ಲವೂ. ಎರಡು ತಿಂಗಳಿಂದ ಅದರ ಮೈಯಲ್ಲಿ ಏನೂ ಬೆಳೆದಿಲ್ಲ. ಮೂಳೆಯೊಳಗೆ ರಕ್ತ ಹುಟ್ಟೋ ಜಾಗ ಖಾಲಿಯಾಗಿದೆ.” ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಫಾರಮ್ಮಿನಲ್ಲಿ ‘ಇಲ್ಲ’ ಎಂದೇ ಇತ್ತಲ್ಲ, ರೋಗಿ ಸುಳ್ಳು ಹೇಳಿದ್ದಾಳೆ ಎಂದುಕೊಂಡಿದ್ದರು.

ನಂಜಮಣಿ ಗಾರ್ಮೆಂಟ್ಸಿನ ನೀಲಿ ಕೋಟಿನಲ್ಲೇ ಬಂದು ಒಳಗೆ ಮಗುವಿನ ಹಾಸಿಗೆಯ ಪಕ್ಕ ಕೂತವಳು ಏಳಲಿಲ್ಲ. ಮಗುವಿನ ಹೆಸರು ಇಂಚರ ಎಂದು ನನಗೆ ಗೊತ್ತಾದದ್ದು ಹಾಸಿಗೆಗೆ ತೂಗುಹಾಕಿದ್ದ ಚೀಟಿಯಿಂದ. ಏಳು ತಿಂಗಳು ಅವಳ ಅಜ್ಜಿಯ ದವಡೆಯನ್ನು ಗೋಡೆಯ ಮೇಲೆ ನೋಡಿದ್ದೆ, ಮಗುವಿನ ಹೆಸರು ಕೇಳಿರಲಿಲ್ಲ. ರಕ್ತ ಹಾಕಿದರು. ಬಿಳಿಯ ಕಣಗಳು ಹೆಚ್ಚುವಂತೆ ಸೂಜಿ ಕೊಟ್ಟರು. ಜ್ವರ ಇಳಿದು ಮತ್ತೆ ಏರಿತು. ಮದ್ದು ನಿಂತಿತ್ತು, ಮೈ ಮತ್ತೆ ಒಡೆದು ಬೆಳೆಯಲು ಎರಡು ವಾರ ಬೇಕು, ಅಷ್ಟರವರೆಗೆ ಸೋಂಕು ತಡೆದರೆ ಗೆದ್ದೆವು ಎಂದು ಅಲ್ಲಿನ ಡಾಕ್ಟರು ಹೇಳಿದರು.

ಚಿಕ್ಕತಾಯಮ್ಮನನ್ನು ಒಳಗೆ ಬಿಡಲಿಲ್ಲ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಇರುತ್ತಿದ್ದಳು. ಊಟ ಬಿಟ್ಟಿದ್ದಳು. ಅವಳ ಗೆರೆಯಲ್ಲಿ ಅಗಿಯುವುದೂ ಇಲ್ಲ, ನುಂಗುವುದೂ ಇಲ್ಲ ಎಂದು ರುಬೀನಾ ಫೋನು ಮಾಡಿ ಅತ್ತಳು. ನಾಲ್ಕನೇ ದಿನ ನಾನು ಇಡ್ಲಿ ಕಟ್ಟಿಸಿಕೊಂಡು ಹೋಗಿ ಅವಳ ಪಕ್ಕ ಕೂತೆ. ಹೇಳದೆ ಇನ್ನೊಂದು ದಿನ ಇರಲಾರೆ ಎನಿಸಿ, ಮೂವತ್ತೊಂದನೇ ಪ್ರಶ್ನೆಯ ಕತೆಯನ್ನು ಪೂರ್ತಿ ಹೇಳಿದೆ. ಕೇಳಬೇಕಾಗಿತ್ತು, ಕೇಳಲಿಲ್ಲ, ನಿಮಗೆ ಅವಮಾನ ಆಗುತ್ತದೆ ಎಂದು ನಾನೇ ‘ಇಲ್ಲ’ ಎಂದು ಬರೆದೆ ಎಂದೆ.

ಬೈಯುತ್ತಾಳೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಕೇಳಿದ್ರೆ ಯೋಳ್ತಿದ್ದೆ ಕವ್ವ,” ಅಂದಳು. “ಮಗೀಗೆ ಅಗಿದು ಕೊಡದ್ರಲ್ಲಿ ನಾಚ್ಕೆ ಏನಿತ್ತು?”

ಇಂಚರ ಒಂಬತ್ತನೇ ದಿನ ಮಧ್ಯಾಹ್ನ ಹೋದಳು. ಶ್ವಾಸಕೋಶಕ್ಕೆ ಸೋಂಕು ಇಳಿದಿತ್ತು. ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು, ಕ್ಯಾಂಟೀನಿನಲ್ಲಿ ಊಟದ ಗದ್ದಲ ನಡೆದಿತ್ತು. ನಂಜಮಣಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದಾಗ ಚಿಕ್ಕತಾಯಮ್ಮ ಎದ್ದು ನಿಂತಳು, ಕೈ ಚಾಚಿದಳು, ಮತ್ತೆ ತಾನೇ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಮಣ್ಣು ಮಾಡಿದ ಮೂರನೇ ದಿನಕ್ಕೆ ತಾಯಿ ಮಗಳು ಇಬ್ಬರೂ ನಮ್ಮ ಕೇಂದ್ರಕ್ಕೆ ಬಂದರು. ಚಿಕ್ಕತಾಯಮ್ಮ ಡಾ. ಪದ್ಮನಾಭರ ಮೇಜಿನ ಮುಂದೆ ನಿಂತು, “ಇದ ಕಿತ್ತಾಕ್ಬುಡಿ ಸ್ವಾಮಿ,” ಎಂದು ಬಾಯಿ ತೆರೆದಳು. ಎರಡೂವರೆ ಬೆರಳು ಹಿಡಿಸುವಷ್ಟು ಅಗಲವಾಗಿ ತೆರೆದಳು.

ಇನ್ನು ಆರು ವಾರ ಇದ್ದರೆ ಗೆಡ್ಡೆ ಪೂರ್ತಿ ಹೋಗುತ್ತದೆ, ಈಗ ತೆಗೆದರೆ ಮೂರು ತಿಂಗಳಲ್ಲಿ ಮರಳುತ್ತದೆ ಎಂದು ಅವರು ತಡವರಿಸುತ್ತಾ ಹೇಳಿದರು. ಅವಳು ಬಾಯಿ ಮುಚ್ಚಲಿಲ್ಲ. ಆಗ ಕಿಟಕಿಯ ಕಡೆ ತಿರುಗಿ ನಿಂತಿದ್ದ ನಂಜಮಣಿ ಮೊದಲ ಸಲ ಮಾತಾಡಿದಳು. “ತೆಗೀಬ್ಯಾಡಿ ಸಾ. ನನ್ ಕೂಸು ಹೋದ್ದಕ್ಕೆ ಏನಾರ ಒಂದು ಉಳೀಬೇಕಲ್ಲ. ಇವ್ಳಾರ ಉಳೀಲಿ.” ತಾಯಿಯ ಕಡೆ ಅವಳು ನೋಡಲಿಲ್ಲ. ಅದು ಕನಿಕರವೋ ಶಿಕ್ಷೆಯೋ ನನಗೆ ಈ ಹೊತ್ತಿಗೂ ಬಗೆಹರಿದಿಲ್ಲ. ಚಿಕ್ಕತಾಯಮ್ಮ ಮೆಲ್ಲಗೆ ಬಾಯಿ ಮುಚ್ಚಿಕೊಂಡಳು.

ನಾನು ನಡೆದದ್ದನ್ನೆಲ್ಲ ಬರೆದು ನಿರ್ದೇಶಕರಿಗೆ ಕೊಟ್ಟೆ. ಅವರು ಓದಿ, ಫಾರಂ ಸರಳ ಕನ್ನಡದಲ್ಲಿರಬೇಕಿತ್ತು, ಮುಂದಿನ ಸಲ ಸರಿಪಡಿಸೋಣ ಎಂದರು. ಕೆಲಸದಿಂದ ತೆಗೆಯಲಿಲ್ಲ. ವರದಿಯಲ್ಲಿ ‘ಮನೆಯ ಸದಸ್ಯರೊಬ್ಬರಲ್ಲಿ ಪ್ರತಿಕೂಲ ಪರಿಣಾಮ’ ಎಂದು ಒಂದು ಸಾಲು ಸೇರಿತು. ಸತ್ತದ್ದು ಕೂಸು ಎಂದು ಅದರಲ್ಲಿ ಬರೆಯಲು ಜಾಗವಿರಲಿಲ್ಲ.

ಏಳನೇ ನಂಬರಿನ ಗೆರೆ ತಳಕ್ಕೆ ಮುಟ್ಟಿ ಅಲ್ಲೇ ನಿಂತಿತು. ಹನ್ನೆರಡು ಜನರಲ್ಲಿ ಪೂರ್ತಿ ವಾಸಿಯಾದವಳು ಅವಳೊಬ್ಬಳೇ. ಕೊನೆಯ ಭೇಟಿಯ ದಿನ ಡಾ. ಪದ್ಮನಾಭ ಬಿಲ್ಲೆ ಬಿಚ್ಚಿ, ಕೆನ್ನೆಯನ್ನು ದೀಪ ಹಿಡಿದು ನೋಡಿ, ಮೂರು ಬೆರಳಿಟ್ಟು ಅಳೆದರು. ಬೆರಳು ಸಲೀಸಾಗಿ ನಿಂತವು. ಅವರಿಗೆ ಸಂತೋಷವಾಯಿತು, ಅದನ್ನು ಅಡಗಿಸಿಕೊಳ್ಳಲು ಪ್ರಯತ್ನಿಸಿದರೂ ಅವರಿಂದ ಆಗಲಿಲ್ಲ. ಹದಿನಾಲ್ಕು ವರ್ಷದ ಕೆಲಸ. ನಾನು ಅವರನ್ನು ದೂರಲಾರೆ.

“ನಾನು ಎಷ್ಟು ವರ್ಸ ಇರ್ತೀನಿ ಸ್ವಾಮಿ ಇನ್ನ?” ಎಂದು ಚಿಕ್ಕತಾಯಮ್ಮ ಕೇಳಿದಳು. ಮಾತು ಈಗ ಸ್ಪಷ್ಟವಾಗಿತ್ತು.

“ಈ ರೋಗದಿಂದ ಇನ್ನು ನಿಮಗೇನೂ ಆಗಲ್ಲ ತಾಯಿ. ಎದೆ ಗಟ್ಟಿಯಿದೆ, ರಕ್ತ ಚೆನ್ನಾಗಿದೆ. ಇಪ್ಪತ್ತು ವರ್ಷ ಧಾರಾಳವಾಗಿ ಇರ್ತೀರಿ.”

ಅವಳು ಬಲಗೈ ತೋರುಬೆರಳನ್ನು ಸೆರಗಿನಿಂದ ಒರೆಸಿಕೊಂಡಳು.

“ಇಪ್ಪತ್ತಾ?” ಅಂದಳು. “ವಸಿ ಕಮ್ಮಿ ಮಾಡಕಾಗಕಿಲ್ವಾ ಸ್ವಾಮಿ?”